ಹಾಳೆಯಿಂದ ಹಾಡಿಗೆ: ಮೆನೆಂದೆಸ್ ಪಿದಾಲ್ ಪರಿಚಯ

ಶಿವಗಂಗೆ ಬೆಟ್ಟ ಹತ್ತಿದವರಿಗೆಲ್ಲ ಶಾಂತಲೆಯ ಕಥೆ ಗೊತ್ತು. ವಿಷ್ಣುವರ್ಧನನ ಪಟ್ಟದರಸಿ ಮಕ್ಕಳಿಲ್ಲದ ಕೊರಗಿನಲ್ಲಿ ಹಾರಿಕೊಂಡ ಬಂಡೆ ಇದೇ ಎಂದು ಊರಿನವರು ತೋರಿಸುತ್ತಾರೆ. ಆಕೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡದ್ದಕ್ಕೆ ಶ್ರವಣಬೆಳಗೊಳದ ಶಾಸನವೇ ಸಾಕ್ಷಿ. ಆದರೆ ಬಂಡೆಯಿಂದ ಹಾರಿದ ಮಾತು ಆ ಶಾಸನದಲ್ಲಿಲ್ಲ. ಬರಹದಲ್ಲಿ ಉಳಿದದ್ದೆಷ್ಟು, ಜನರ ಬಾಯಲ್ಲಿ ಬೆಳೆದದ್ದೆಷ್ಟು, ಯಾವುದಕ್ಕೆ ಎಷ್ಟು ಬೆಲೆ? ಈ ಪ್ರಶ್ನೆಗೆ ಇಡೀ ಆಯುಷ್ಯವನ್ನು ಕೊಟ್ಟವರು ಸ್ಪೇನಿನ ರಾಮೋನ್ ಮೆನೆಂದೆಸ್ ಪಿದಾಲ್. ಸ್ಪ್ಯಾನಿಷ್ ಎಂದರೆ ನಮಗೆ ಮಾರ್ಕ್ವೆಜ್, ನೆರೂಡ, ಲೋರ್ಕಾ ನೆನಪಾಗುತ್ತಾರೆ. ಆ ಸಾಹಿತ್ಯದ ಬೇರುಗಳನ್ನು ಅಗೆದು ನೋಡಿದವರ ಪರಿಚಯವೂ ನಮಗಿರಬೇಕು.

ಪಿದಾಲ್ ಹುಟ್ಟಿದ್ದು 1869ರಲ್ಲಿ. 1899ರ ಹೊತ್ತಿಗೆ ಮ್ಯಾಡ್ರಿಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ಅವರು ಕೈಗೆತ್ತಿಕೊಂಡ ದೊಡ್ಡ ಕೆಲಸ ಸಿದ್ ಎಂಬ ವೀರನ ಕಾವ್ಯದ್ದು. ಸಿದ್ ಕಟ್ಟುಕಥೆಯ ಮನುಷ್ಯನಲ್ಲ. 1099ರಲ್ಲಿ ವಲೆನ್ಸಿಯಾದಲ್ಲಿ ಸತ್ತ ರೊದ್ರಿಗೊ ದಿಯಾಸ್ ಎಂಬ ಯೋಧ. ಅವನ ಮೇಲಿನ ಮೂರು ಸಾವಿರದ ಏಳುನೂರಕ್ಕೂ ಹೆಚ್ಚು ಸಾಲುಗಳ ಕಾವ್ಯ ಉಳಿದಿರುವುದು ಒಂದೇ ಒಂದು ಹಸ್ತಪ್ರತಿಯಲ್ಲಿ. ಅದರಲ್ಲೂ ಮೊದಲ ಹಾಳೆ ಇಲ್ಲ.

ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ' ಓದಿದವರಿಗೆ ಗೊತ್ತು, ಹಲವು ಪ್ರತಿಗಳಿದ್ದರೆ ಒಂದರ ತಪ್ಪನ್ನು ಇನ್ನೊಂದರಿಂದ ತಿದ್ದಬಹುದು. ಒಂದೇ ಪ್ರತಿಯಾದರೆ ಪ್ರತಿ ಅಕ್ಷರದೊಡನೆಯೂ ಗುದ್ದಾಡಬೇಕು. ಒಂದು ಉದಾಹರಣೆ ನೋಡಿ. ಹಸ್ತಪ್ರತಿಯ ಕೊನೆಯಲ್ಲಿ ಪೆರ್ ಅಬ್ಬಾತ್ ಎಂಬ ಹೆಸರಿದೆ, ರೋಮನ್ ಅಂಕಿಗಳಲ್ಲಿ 1245 ಎಂಬ ವರ್ಷವಿದೆ. ನಮ್ಮ ಶಕವರ್ಷಕ್ಕೆ 78 ಕೂಡಿಸಿ ಕ್ರಿಸ್ತಶಕ ತಿಳಿಯುತ್ತೇವಲ್ಲ, ಅಲ್ಲಿನ ಹಳೆಯ ಶಕದಿಂದ 38 ಕಳೆಯಬೇಕು. ಆಗ 1207 ಬರುತ್ತದೆ. ಆದರೆ ಆ ಅಂಕಿಗಳ ನಡುವೆ ಒಂದು ಖಾಲಿ ಜಾಗವಿದೆ. ನೂರನ್ನು ಸೂಚಿಸುವ ಒಂದು ಅಕ್ಷರವನ್ನು ಅಲ್ಲಿ ಯಾರೋ ಅಳಿಸಿದ್ದಾರೆ, ಪ್ರತಿ 1307ರದು ಎಂದು ಪಿದಾಲ್ ವಾದಿಸಿದರು. ಬೆರಳಗಲದ ಜಾಗಕ್ಕೆ ನೂರು ವರ್ಷದ ವ್ಯತ್ಯಾಸ! ಅದನ್ನು ಒಪ್ಪದವರೂ ಇದ್ದಾರೆ. ಅಲ್ಲಿ ಏನೂ ಅಳಿದಿಲ್ಲ, 1207ರ ಪ್ರತಿಯನ್ನು ನೋಡಿ ಮುಂದಿನವರು ತಾರೀಕನ್ನೂ ಸೇರಿಸಿ ನಕಲು ಮಾಡಿದರು ಎಂಬುದು ಅವರ ವಾದ. ಮಾಸಿದ ಅಕ್ಷರ ಕಾಣಲೆಂದು ಪಿದಾಲರೂ ಅವರಿಗಿಂತ ಹಿಂದಿನವರೂ ಹಚ್ಚಿದ ರಾಸಾಯನಿಕಗಳಿಂದ ಕೆಲವು ಹಾಳೆಗಳು ಕಪ್ಪಾದವು ಎಂಬುದನ್ನೂ ಹೇಳಬೇಕು. ಆ ನಷ್ಟ ದೊಡ್ಡದು. ಪಠ್ಯ, ವ್ಯಾಕರಣ, ಶಬ್ದಕೋಶ ಸೇರಿದ ಅವರ ಮೂರು ಸಂಪುಟಗಳು 1908ರಿಂದ 1911ರ ನಡುವೆ ಹೊರಬಂದವು.

ನನಗೆ ಇದಕ್ಕಿಂತ ಇಷ್ಟವಾದದ್ದು 1900ರ ಒಂದು ಘಟನೆ. ಪಿದಾಲ್ ಮದುವೆಯಾದದ್ದು ಮರಿಯಾ ಗೊಯ್ರಿ ಅವರನ್ನು. ಹೆಣ್ಣುಮಕ್ಕಳು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತುವುದೇ ಅಪರೂಪವಾಗಿದ್ದ ಸ್ಪೇನಿನಲ್ಲಿ ಪದವಿ ಪಡೆದಿದ್ದ ವಿದುಷಿ ಆಕೆ. ಮದುವೆಯಾದ ಹೊಸತರಲ್ಲಿ ಇಬ್ಬರೂ ಹೊರಟದ್ದು ಕಾವ್ಯದಲ್ಲಿ ಸಿದ್ ಗಡೀಪಾರಾಗಿ ನಡೆದ ದಾರಿ ಹಿಡಿದು. ಎಲ್ ಬುರ್ಗೊ ದೆ ಓಸ್ಮಾ ಎಂಬಲ್ಲಿ ಬಟ್ಟೆ ಒಗೆದು ಬದುಕುವ ಒಬ್ಬ ಹೆಂಗಸು ಸಿಕ್ಕಳು. ಮರಿಯಾ ಒಂದು ಹಳೆಯ ಕಥನಗೀತೆ ಹೇಳಿದಾಗ, ಇಂಥವು ತನಗೂ ಬರುತ್ತವೆ ಎಂದು ಆಕೆ ಹಾಡತೊಡಗಿದಳು. ಅದರಲ್ಲೊಂದು 1497ರಲ್ಲಿ ತೀರಿಕೊಂಡ ರಾಜಕುಮಾರ ಹುವಾನನ ಸಾವಿನ ಹಾಡೆಂದು ಮರಿಯಾ ಗುರುತು ಹಿಡಿದರು. ಕಾಸ್ಟಿಲ್ ಪ್ರಾಂತದಲ್ಲಿ ಇಂಥ ಹಾಡುಗಳು ಸತ್ತೇಹೋಗಿವೆ ಎಂದು ಪಂಡಿತರು ನಂಬಿದ್ದ ಕಾಲ ಅದು. ಅಲ್ಲಿಂದ ದಂಪತಿ ಬದುಕಿನುದ್ದಕ್ಕೂ ಹಾಡು ಕೂಡಿಟ್ಟರು. 1920ರಲ್ಲಿ ಗ್ರನಾಡಾದಲ್ಲಿ ಪಿದಾಲರ ಜೊತೆ ಹಾಡು ಹುಡುಕಿಕೊಂಡು ಓಡಾಡಿದ ತರುಣ ಬೇರಾರೂ ಅಲ್ಲ, ಲೋರ್ಕಾ.

1925ರಲ್ಲಿ ಅವರು ಸ್ಪ್ಯಾನಿಷ್ ಅಕಾಡೆಮಿಯ ನಿರ್ದೇಶಕರಾದರು. ಅಂತರ್ಯುದ್ಧದ ವರ್ಷಗಳಲ್ಲಿ ಕ್ಯೂಬಾ, ಅಮೆರಿಕ ಸುತ್ತಿ ಮರಳಿದರು. 1968ರಲ್ಲಿ ತೀರಿಕೊಂಡಾಗ ಅವರಿಗೆ 99 ವರ್ಷ. ಸಿದ್ ಕಾವ್ಯ ಚರಿತ್ರೆಗೆ ತೀರ ಹತ್ತಿರದ್ದು, ಜನರ ನಡುವೆ ಬೆಳೆದದ್ದು ಎಂಬ ಅವರ ನಿಲುವನ್ನು ಮುಂದಿನವರು ಬಲವಾಗಿ ಪ್ರಶ್ನಿಸಿದರು. ಕಾನೂನು ಬಲ್ಲ ಒಬ್ಬ ಓದುಬಲ್ಲವನ ರಚನೆ ಎಂದು ಕೆಲವರು ಹೇಳಿದರು. ಪಿದಾಲರು ಚರಿತ್ರೆಯನ್ನು ಕಾವ್ಯದಿಂದ ಸ್ವಲ್ಪ ಹೆಚ್ಚೇ ಹೆಕ್ಕಿದರು ಎಂಬುದು ನನ್ನ ಅಭಿಪ್ರಾಯ ಕೂಡ. ಆದರೆ ಅವರನ್ನು ಅಲ್ಲಗಳೆಯಲು ಹೊರಟವರೂ ಮೊದಲು ಅವರ ಸಂಪುಟಗಳನ್ನೇ ತೆರೆಯಬೇಕು.

ಡಾಬಸ್‌ಪೇಟೆ, ಶಿವಗಂಗೆಯ ಕಡೆಯ ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ. ಸ್ಪ್ಯಾನಿಷ್ ಕಲಿಯುವ ಆಸೆಯಿದ್ದರೆ ಖಂಡಿತ ಕಲಿಯಿರಿ. ಅದಕ್ಕೂ ಮುಂಚೆ ನಿಮ್ಮ ಮನೆಯ ಅಜ್ಜಿ ಹೇಳುವ ಸೋಬಾನೆ ಪದವನ್ನೋ ಗಂಗಾಧರೇಶ್ವರನ ಮೇಲಿನ ಹಾಡನ್ನೋ ಫೋನಿನಲ್ಲಿ ದಾಖಲಿಸಿ. ಹಾಡಿದವರ ಹೆಸರು, ಊರು, ತಾರೀಕು, ಅವರು ಯಾರಿಂದ ಕಲಿತರು ಎಂಬುದನ್ನು ಬರೆದಿಡಿ. ಪಿದಾಲರು 1928ರ ತಮ್ಮ ಜನಪ್ರಿಯ ಸಂಕಲನದಲ್ಲಿ ಹಲವು ಪಾಠಗಳನ್ನು ಬೆಸೆದು ಹಾಡುಗಳನ್ನು ತಾವೇ ತಿದ್ದಿ ಕೊಟ್ಟರು. ನೀವು ಆ ಕೆಲಸ ಮಾಡಬೇಡಿ. ಅಜ್ಜಿ ಹೇಳಿದ್ದನ್ನು ಹೇಳಿದಂತೆಯೇ ಬರೆಯಿರಿ.