ನಮ್ಮ ಕೋಳಿಗೂಡು

ಕೋಳಿ ನಮ್ಮ ಹೆಂಗಸರ ಗಂಟು. ಮೊಟ್ಟೆ ಮಾರಿದರೆ ಕೈಗೆ ನಾಲ್ಕು ಕಾಸು. ಮಗುವಿನ ಪುಸ್ತಕಕ್ಕೆ ಯಾರ ಮುಂದೂ ಕೈ ಚಾಚಬೇಕಿಲ್ಲ.

ಆದರೆ ರಾತ್ರಿ ನಾವು ಕೋಳಿಗಳನ್ನು ಪುಟ್ಟಿ ಕೆಳಗೆ ಮುಚ್ಚಿಡ್ತೀವಿ. ಕಾಡುಬೆಕ್ಕು ಬಂದು ಪುಟ್ಟಿ ಉರುಳಿಸುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಬರೀ ಪುಕ್ಕ! ವರುಷದ ದುಡಿಮೆ ಒಂದೇ ರಾತ್ರಿಗೆ ಹೋಯ್ತು.

ಬನ್ನಿ ಅಕ್ಕಾ, ಹಿತ್ತಲಲ್ಲಿ ನಾವೇ ಗೂಡು ಕಟ್ಟೋಣ.

ಒಂದು ಕೋಳಿಗೆ 2 ಚದರ ಅಡಿ ಜಾಗ ಸಾಕು. 10 ಕೋಳಿಗೆ 20 ಚದರ ಅಡಿ. 5 ಅಡಿ ಉದ್ದ, 4 ಅಡಿ ಅಗಲ ಅಳೆಯೋಣ. ಮಳೆನೀರು ನಿಲ್ಲದ ಜಾಗ ಆರಿಸೋಣ. ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ. ಆಗ ಬಿಸಿಲು ಒಳಗೆ ಹೆಚ್ಚು ಬೀಳದು.

ನಾಲ್ಕು ಮೂಲೆಗೆ ಗಟ್ಟಿ ಕಂಬ ನೆಡೋಣ. ನೆಲದಿಂದ 2 ಅಡಿ ಮೇಲೆ ಅಡ್ಡ ಕಟ್ಟಿಗೆ ಕಟ್ಟೋಣ. ಅದರ ಮೇಲೆ ಬಿದಿರಿನ ದಬ್ಬೆ ಹಾಸೋಣ. ನಡುವೆ ಸಣ್ಣ ಸಂದಿ ಇರಲಿ. ಹಿಕ್ಕೆ ಕೆಳಗೆ ಬೀಳುತ್ತದೆ. ತಿಪ್ಪೆಗೆ ಹಾಕಿದರೆ ಒಳ್ಳೇ ಗೊಬ್ಬರ. ಮರಿಗಳಿದ್ದರೆ ಗೋಣಿಚೀಲ ಹಾಸೋಣ.

ಸುತ್ತ ಸಣ್ಣ ಕಣ್ಣಿನ ತಂತಿ ಬಲೆ ಬಿಗಿಯೋಣ. ಗಾಳಿ ಬರುತ್ತೆ, ಬೆಕ್ಕು ಬರಲ್ಲ. ಮೇಲೆ ಹುಲ್ಲು ಇಲ್ಲವೆ ಹೆಂಚು. ಬಾಗಿಲಿಗೆ ಚಿಲಕ ಮರೆಯಬಾರದು. ಮೂಲೆಯಲ್ಲಿ ಹುಲ್ಲು ಹಾಕಿದ ಬುಟ್ಟಿ ಇಟ್ಟರೆ ಮೊಟ್ಟೆ ಅಲ್ಲೇ ಇಡುತ್ತವೆ.

ವಾರಕ್ಕೊಮ್ಮೆ ಗುಡಿಸೋಣ. ಆಗಾಗ ಸುಣ್ಣ ಬಳಿಯೋಣ. ಆದರೆ ಕೊಕ್ಕರೆ ರೋಗವನ್ನು ಗೂಡು ತಡೆಯದು. ಅದಕ್ಕೆ ಪಶು ಆಸ್ಪತ್ರೆಯಲ್ಲಿ ಕೇಳಿ ಲಸಿಕೆ ಹಾಕಿಸೋಣ.

ಕೈಗೆ ಅಕ್ಷರ ಬಂತು. ಅಳತೆಯೂ ಬಂತು. ಇನ್ನು ನಮ್ಮ ಗಂಟು ನಾವೇ ಕಾಯೋಣ.

ಲೆಕ್ಕ ಮಾಡಿ: 15 ಕೋಳಿಗೆ ಎಷ್ಟು ಚದರ ಅಡಿ ಜಾಗ ಬೇಕು?