ಸಿಂಥ್ ಹುಚ್ಚು ಹಿಡಿದವರಿಗೆ ಒಂಬತ್ತು ಸೂತ್ರಗಳು

ಸಿಂಥಸೈಸರ್, ಡ್ರಮ್ ಮಷೀನ್ ಕೊಳ್ಳುವವರಲ್ಲಿ ಎರಡು ಪಂಗಡ. ನುಡಿಸುವವರದು ಒಂದು, ಮುಂದೆ ಯಾವುದನ್ನು ಕೊಳ್ಳಲಿ ಎಂದು ರಾತ್ರಿಯೆಲ್ಲ ವಿಡಿಯೊ ನೋಡುತ್ತಾ ಕೂರುವವರದು ಇನ್ನೊಂದು. ಎರಡನೆಯ ಪಂಗಡವೇ ದೊಡ್ಡದು. ಅಲ್ಲಿಂದ ಮೊದಲನೆಯದಕ್ಕೆ ದಾಟುವ ಮನಸ್ಸಿದ್ದವರು ಮುಂದೆ ಓದಿ.

1. ಮೂರು ಪೆಟ್ಟಿಗೆ ಮೀರಬೇಡಿ. ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ಕೂರಿಸಿ ಒಂದು ಆಲ್ಬಂ ಮಾಡಿದರು. ಇಟ್ಟುಕೊಂಡದ್ದು ರೋಲಂಡ್ ಕಂಪನಿಯ ಮೂರೇ ಯಂತ್ರ: ರಾಗಕ್ಕೆ ಜುಪಿಟರ್-8, ಬೇಸ್‌ಗೆ ಟಿಬಿ-303, ತಾಳಕ್ಕೆ ಟಿಆರ್-808. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಮರುಬಿಡುಗಡೆಯಾದಾಗ ಹೊರದೇಶದವರು ಬೆರಗಾದರು. ಅದೇ 303ರ ತಿರುಚುವ ಸದ್ದಿನಿಂದ ಷಿಕಾಗೊದ ಫ್ಯೂಚರ್ ತಂಡ ‘ಆಸಿಡ್ ಟ್ರ್ಯಾಕ್ಸ್’ ಹೊರತಂದದ್ದು 1987ರಲ್ಲಿ. ನಮ್ಮವರು ಐದು ವರ್ಷ ಮುಂಚೆಯೇ ಅಲ್ಲಿ ಓಡಾಡಿ ಬಂದಿದ್ದರು. ನೀವಂತೂ ಮೊದಲ ವರ್ಷ ಒಂದನ್ನೇ ಇಟ್ಟುಕೊಳ್ಳಿ. ಮ್ಯಾನ್ಯುಯಲ್ ಕೊನೆಯ ಪುಟದವರೆಗೂ ಓದಿ. ಅದನ್ನು ಓದುವವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಹಾಗಾಗಿ ಓದಿದವರು ತಾವಾಗಿಯೇ ಮುಂದಿರುತ್ತಾರೆ.

2. ರೆಡಿಮೇಡ್ ಟೋನ್ ಬದಿಗಿಟ್ಟು ಖಾಲಿ ಸದ್ದಿನಿಂದ ಶುರುಮಾಡಿ. ಯಮಾಹಾದ ಡಿಎಕ್ಸ್7 1983ರಲ್ಲಿ ಬಂದಾಗ ಅದರ ಪ್ರೋಗ್ರಾಮಿಂಗ್ ಎಷ್ಟು ಜಟಿಲವಾಗಿತ್ತೆಂದರೆ ಬಹುಪಾಲು ಜನ ಕಂಪನಿ ಕೊಟ್ಟ ಟೋನ್‌ಗಳಲ್ಲೇ ದಿನ ದೂಡಿದರು. ಆ ದಶಕದ ಎಷ್ಟೋ ಹಾಡುಗಳ ಎಲೆಕ್ಟ್ರಿಕ್ ಪಿಯಾನೊ ಒಂದೇ ಅಚ್ಚಿನದಾಗಿ ಕೇಳುವುದು ಅದಕ್ಕೇ. ಅಟ್ಯಾಕ್, ಡಿಕೇ, ಸಸ್ಟೇನ್, ರಿಲೀಸ್ ಈ ನಾಲ್ಕು ನಾಬ್ ಕೈಗೆ ಹತ್ತಲಿ. ವೀಣೆಯ ಮೀಟಿಗೆ ಅಟ್ಯಾಕ್ ಸೊನ್ನೆ, ಸಸ್ಟೇನ್ ಸೊನ್ನೆ, ಡಿಕೇ ಉದ್ದ. ಕೊಳಲಿನ ಊದಿಗೆ ಅಟ್ಯಾಕ್ ತುಸು ನಿಧಾನ, ಸಸ್ಟೇನ್ ಪೂರ್ತಿ. ಇವೆರಡನ್ನು ನೋಡದೆ ಮಾಡಬಲ್ಲಿರಾದರೆ ಮಿಕ್ಕಿದ್ದೆಲ್ಲ ಇವುಗಳ ನಡುವೆಯೇ ಸಿಗುತ್ತದೆ.

3. ಹದಿನಾರು ಬಟನ್ ಇದೆಯೆಂದು ಹದಿನಾರಕ್ಕೇ ಕಟ್ಟುಬೀಳಬೇಡಿ. ನನ್ನ ಮಟ್ಟಿಗೆ ಇಡೀ ಪಟ್ಟಿಯಲ್ಲಿ ಇದೇ ಮುಖ್ಯ. ಡ್ರಮ್ ಮಷೀನಿನ ಸ್ಟೆಪ್ ಎಂದರೆ ತಾಳದ ಮಾತ್ರೆ ಎಂದುಕೊಳ್ಳಿ, ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆದಿತಾಳದ ಎಂಟು ಅಕ್ಷರ, ಚತುರಶ್ರ ನಡೆಯಲ್ಲಿ ಮೂವತ್ತೆರಡು ಮಾತ್ರೆ. ಅಂದರೆ ಹದಿನಾರರ ಎರಡು ಪ್ಯಾಟರ್ನ್. ಮಿಶ್ರಛಾಪುವಿಗೆ ಲಾಸ್ಟ್ ಸ್ಟೆಪ್ಪನ್ನು 14ಕ್ಕೆ ಇಳಿಸಿ, 6 ಮತ್ತು 8 ಎಂದು ಒಡೆಯಿರಿ. ಖಂಡಛಾಪುವಿಗೆ 10, ಒಡೆಯುವುದು 4 ಮತ್ತು 6. ಪ್ರತಿ ವಾದ್ಯಕ್ಕೂ ಬೇರೆ ಉದ್ದ ಕೊಡಲು ಬಿಡುವ ಯಂತ್ರವಿದ್ದರೆ ಹಬ್ಬವೇ ಸರಿ. ಕಿಕ್ 16ರಲ್ಲಿ ಸುತ್ತಲಿ, ರಿಮ್ 14ರಲ್ಲಿ. ಎರಡೂ ಮತ್ತೆ ಸಮಕ್ಕೆ ಬಂದು ಕೂಡುವುದು 112ನೆಯ ಮಾತ್ರೆ ಮುಗಿದಾಗ: ಕಿಕ್‌ಗೆ ಏಳು ಆವರ್ತ, ರಿಮ್‌ಗೆ ಎಂಟು. ಮೃದಂಗ ಕಲಿತ ಹುಡುಗ ಇದನ್ನು ಕೈಬೆರಳಲ್ಲೇ ಎಣಿಸಿಬಿಡುತ್ತಾನೆ. ಟೆಕ್ನೊ ಕೇಳಿ ಬೆಳೆದವರು ಇದಕ್ಕೆ ಪಾಲಿಮೀಟರ್ ಎಂದು ಹೆಸರಿಟ್ಟು ಕ್ಲಾಸು ನಡೆಸುತ್ತಾರೆ.

4. ಲಯ ತೀರಾ ನೆಟ್ಟಗಿದ್ದರೆ ಸ್ವಿಂಗ್ ಹಾಕಿ. ಶೇ 50 ಎಂದರೆ ನೇರ, 66ರ ಹತ್ತಿರ ತಿಶ್ರದ ಓಟ. 54ರಿಂದ 58ರ ನಡುವೆ ಹುಡುಕಿ.

5. ಗಮಕ ಕೀಲಿಯಲ್ಲಿಲ್ಲ, ಚಕ್ರದಲ್ಲಿದೆ. ಪಿಚ್ ಬೆಂಡ್ ಚಕ್ರ ಸಾಮಾನ್ಯವಾಗಿ ಎರಡು ಸೆಮಿಟೋನಿಗೆ ಹೊಂದಿಸಿರುತ್ತದೆ. ತೋಡಿಯ ಗಾಂಧಾರ ತೂಗಲು ಅಷ್ಟು ಸಾಲದೆ ಹೋದರೆ ಹಿಗ್ಗಿಸಿ. ಜಾರುವುದಕ್ಕೆ ಪೋರ್ಟಮೆಂಟೊ ಇದೆ. ಎಡಗೈಯನ್ನು ಸುಮ್ಮನೆ ಕೂರಿಸುವ ಕೀಬೋರ್ಡ್ ವಾದಕರು ಅರ್ಧ ವಾದ್ಯವನ್ನಷ್ಟೇ ನುಡಿಸುತ್ತಿದ್ದಾರೆ.

6. ಮನೆಯಲ್ಲಿರುವ ಎಲೆಕ್ಟ್ರಾನಿಕ್ ತಂಬೂರಿಯನ್ನು ಕೀಳಾಗಿ ಕಾಣಬೇಡಿ. ಬೆಂಗಳೂರಿನ ಎಂಜಿನಿಯರ್, ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ 1979ರ ಹೊತ್ತಿಗೇ ಅದನ್ನು ರೂಪಿಸಿ ರಾಡೆಲ್ ಕಂಪನಿ ಕಟ್ಟಿದರು. ಅವರ ತಾಳಮಾಲಾ ಅಪ್ಪಟ ಡ್ರಮ್ ಮಷೀನ್, ಹೆಸರು ಬೇರೆ ಅಷ್ಟೆ. ತಂಬೂರಿಗೆ ಔಟ್ ಜಾಕ್ ಇದ್ದರೆ ಹೊರಗಿನ ಸದ್ದು ಒಳಗೆ ಬಿಡುವ ಸಿಂಥ್‌ಗೆ, ಉದಾಹರಣೆಗೆ ಕೋರ್ಗ್ ಎಂಎಸ್-20ಕ್ಕೆ, ಜೋಡಿಸಿ ಫಿಲ್ಟರನ್ನು ಮೆಲ್ಲಗೆ ತೆರೆಯಿರಿ. ಸಾವಿರಾರು ರೂಪಾಯಿಯ ಡ್ರೋನ್ ಪೆಟ್ಟಿಗೆಯ ಆಸೆ ಅಲ್ಲೇ ಇಳಿಯುತ್ತದೆ.

7. ಪ್ಲಗ್ ಹಾಕುವ ಮುನ್ನ ಅಡಿಯ ಚೀಟಿ ಓದಿ. ಜಪಾನಿನ ಮನೆಬಳಕೆಯ ಯಂತ್ರ 100 ವೋಲ್ಟಿನದು, ಅಮೆರಿಕದ್ದು 120. ನಮ್ಮ ಗೋಡೆಯಲ್ಲಿ 230. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಟ್ಟಬೇಡಿ. ಅಡಾಪ್ಟರಿನ ಆಂಪ್ ಹೆಚ್ಚಿದ್ದರೆ ತೊಂದರೆಯಿಲ್ಲ. ವೋಲ್ಟ್ ಹೆಚ್ಚಿದ್ದರೆ, ಪ್ಲಸ್ಸು ಮೈನಸ್ಸು ಅದಲು ಬದಲಾಗಿದ್ದರೆ ಹೊಗೆ. ಯೂರೋರ್ಯಾಕ್ ಮಾಡ್ಯೂಲಿನ ಪಟ್ಟಿ ಕೇಬಲ್ಲಿನ ಕೆಂಪು ಗೆರೆ ಮೈನಸ್ 12 ವೋಲ್ಟಿನ ಕಡೆಗಿರಬೇಕು. ಕೆಂಪು ಎಂದರೆ ಪ್ಲಸ್ ಎಂದು ನಂಬಿ ಸುಟ್ಟವರಿಗೆ ಲೆಕ್ಕವಿಲ್ಲ.

ಹಳೆಯದನ್ನು ಕೊಳ್ಳುವಾಗಲೂ ಇದೇ ಜಾಗ್ರತೆ ಇರಲಿ. ಕೋರ್ಗ್ ಪಾಲಿಸಿಕ್ಸ್‌ನ ಒಳಗಿನ ಬ್ಯಾಟರಿ ಸೋರಿ ಬೋರ್ಡನ್ನೇ ತಿನ್ನುತ್ತದೆ. ಮುಚ್ಚಳ ತೆಗೆಸಿ ನೋಡದೆ ದುಡ್ಡು ಕೊಡಬೇಡಿ. ರೋಲಂಡ್ ಜೂನೊ-106ರಲ್ಲಿ ಒಂದೇ ಕೀಲಿಯನ್ನು ಮತ್ತೆ ಮತ್ತೆ ಒತ್ತಿ ಆರೂ ವಾಯ್ಸ್ ಸರದಿಯಂತೆ ನುಡಿಯುತ್ತವೆಯೇ ಕೇಳಿ, ಅದರ ವಾಯ್ಸ್ ಚಿಪ್‌ಗಳು ಸಾಯುವುದಕ್ಕೆ ಹೆಸರುವಾಸಿ. ಕರಾವಳಿಯಲ್ಲಿದ್ದ ಯಂತ್ರವಾದರೆ ಪ್ರತಿ ನಾಬನ್ನೂ ತಿರುಗಿಸಿ ಕರಕರ ಸದ್ದಿಗೆ ಕಿವಿಗೊಡಿ. ಅಷ್ಟಕ್ಕೇ ಆದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು, ಆದರೆ ಬೆಲೆ ಇಳಿಸಲು ಒಳ್ಳೆಯ ನೆಪ.

8. ಬಿಚ್ಚಿ, ಆದರೆ ಬ್ಯಾಟರಿಯದ್ದನ್ನು ಮಾತ್ರ. ಅಮೆರಿಕದ ಸಿನ್ಸಿನಾಟಿಯ ರೀಡ್ ಗಜಾಲಾ 1960ರ ದಶಕದಲ್ಲಿ ಹುಡುಗನಾಗಿದ್ದಾಗ, ಮೇಜಿನ ಡ್ರಾಯರಿನಲ್ಲಿದ್ದ ಪುಟ್ಟ ಆಂಪ್ಲಿಫೈಯರ್ ಯಾವುದೋ ಲೋಹಕ್ಕೆ ತಗುಲಿ ವಿಚಿತ್ರವಾಗಿ ಕೂಗತೊಡಗಿತಂತೆ. ಅಲ್ಲಿಂದ ಬೆಳೆದದ್ದು ಸರ್ಕಿಟ್ ಬೆಂಡಿಂಗ್. ವಿಧಾನ ಸರಳ. ಮಾತಾಡುವ ಆಟಿಕೆಯೊಂದನ್ನು ಬಿಚ್ಚಿ, ಅದು ನುಡಿಯುತ್ತಿರುವಾಗ ಒಂದು ವೈರಿನ ಎರಡು ತುದಿಯನ್ನು ಬೋರ್ಡಿನ ಬೇರೆ ಬೇರೆ ಬಿಂದುಗಳಿಗೆ ಮುಟ್ಟಿಸುತ್ತಾ ಹೋಗಿ. ಸದ್ದು ತಿರುಗಿದ ಜಾಗಕ್ಕೆ ಮಾರ್ಕರ್ ಗುರುತು ಹಾಕಿ, ಆಮೇಲೆ ಅಲ್ಲಿ ಸ್ವಿಚ್ಚನ್ನೋ ಪಾಟನ್ನೋ ಬೆಸುಗೆ ಹಾಕಿ. ಬ್ಯಾಟರಿ ವೈರಿಗೂ ಒಂದು ಸ್ವಿಚ್ ಬೇಕು. ಯಂತ್ರ ಸ್ತಬ್ಧವಾದಾಗ ಆರಿಸಿ ಎಬ್ಬಿಸಲು. ಗೋಡೆ ಕರೆಂಟಿನ ಉಪಕರಣ ಮಾತ್ರ ಬೇಡವೇ ಬೇಡ: ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಹೊಡೆತ ಉಳಿದಿರುತ್ತದೆ.

ಆಟಿಕೆ ಕೆಡಿಸಲು ಮನಸ್ಸಾಗದವರು ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ 40106 ಎಂಬ ಚಿಪ್ ಕೇಳಿ. ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಸೇರಿದರೆ ಒಂದು ಆಸಿಲೇಟರ್. ಅಂಥ ಆರು ಒಂದೇ ಚಿಪ್ಪಿನಲ್ಲಿ, 9 ವೋಲ್ಟ್ ಬ್ಯಾಟರಿಯಲ್ಲಿ ಓಡುತ್ತವೆ. ರೆಸಿಸ್ಟರಿನ ಜಾಗಕ್ಕೆ ಬೆಳಕಿಗೆ ತಕ್ಕಂತೆ ಬದಲಾಗುವ ಎಲ್‌ಡಿಆರ್ ಹಾಕಿದರೆ ಕೈಯ ನೆರಳಿಗೆ ಸ್ವರ ಏರಿಳಿಯುತ್ತದೆ. ಕೋರ್ಗ್ ಕಂಪನಿಯಂತೂ ಮಾನೊಟ್ರಾನ್ ಎಂಬ ಪುಟ್ಟ ಸಿಂಥ್‌ನ ಸರ್ಕಿಟ್ ನಕ್ಷೆಯನ್ನೇ ಪ್ರಕಟಿಸಿತ್ತು.

ಕೆಟ್ಟ ಸದ್ದು ಬಂತೆಂದು ನಿಲ್ಲಿಸಬೇಡಿ. 808ರ ಸುಯ್ ಎನ್ನುವ ಗುಣ ಬಂದದ್ದು ಪರೀಕ್ಷೆಯಲ್ಲಿ ತಿರಸ್ಕೃತವಾದ ಟ್ರಾನ್ಸಿಸ್ಟರ್‌ಗಳಿಂದ. ಅಂಥ ದೋಷದ ಮಾಲು ಸಿಗದಂತಾದಾಗ 1983ರಲ್ಲಿ ಯಂತ್ರದ ತಯಾರಿಕೆಯೇ ನಿಂತಿತು. ಒಟ್ಟು ಸುಮಾರು 12,000 ಮಾತ್ರ ಹೊರಬಂದಿದ್ದವು, ನಿಜವಾದ ಡ್ರಮ್ಮಿನಂತಿಲ್ಲ ಎಂದು ಮೂಗುಮುರಿದವರಿಗೂ ಕೊರತೆಯಿರಲಿಲ್ಲ. ಈಗ ಹಿಪ್‌ಹಾಪ್‌ನಲ್ಲಿ ಆ ಕಿಕ್ ಇಲ್ಲದ ಬೀದಿಯಿಲ್ಲ. ಅಂಥ ಮೂಲ ಯಂತ್ರ ನಿಮ್ಮ ಕೈಸೇರಿದ್ದರೆ ಡ್ರಿಲ್ ಹಿಡಿದು ಹತ್ತಿರ ಹೋಗಬೇಡಿ. ತೂತು ಕೊರೆಯುವ ಆಸೆಯನ್ನು ಅಗ್ಗದ ನಕಲಿನ ಮೇಲೆ ತೀರಿಸಿಕೊಳ್ಳಿ.

9. ಎಲ್ಲವನ್ನೂ ರೆಕಾರ್ಡ್ ಮಾಡಿ, ಮೇಲೆ ಹೆಸರು ಬರೆಯಿರಿ. 1969ರಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೂಗ್ ಸಿಂಥಸೈಸರ್ ಸ್ಟುಡಿಯೊ ಸಜ್ಜುಗೊಳಿಸಿದರು. ಗೀತಾ ಸಾರಾಭಾಯಿ, ಎಸ್.ಸಿ. ಶರ್ಮಾ ಮುಂತಾದವರು ಅಲ್ಲಿ ಮಾಡಿದ ಪ್ರಯೋಗಗಳ ಟೇಪುಗಳು ದಶಕಗಳ ಕಾಲ ಸಂಸ್ಥೆಯ ಸಂಗ್ರಹದಲ್ಲೇ ಇದ್ದವು. ಬ್ರಿಟನ್ನಿನ ಸಂಗೀತಗಾರ ಪಾಲ್ ಪರ್ಗಸ್ ಅವನ್ನು ಹುಡುಕಿ ತೆಗೆದ ಮೇಲೆ, 2023ರಲ್ಲಿ ಅವು ಆಲ್ಬಂ ಆಗಿ ಹೊರಬಂದವು. ಟೇಪು ಉಳಿದಿದ್ದಕ್ಕೆ ಇವತ್ತು ನಮ್ಮ ಕಿವಿಗೆ ಬಿತ್ತು. ಸಿಂಥ್‌ನಲ್ಲಿ ನಾಬ್ ಒಂದಿಷ್ಟು ಅಲುಗಿದರೂ ಆ ಸದ್ದು ಹೋದ ಹಾಗೇ. ನೆನಪಿನಿಂದ ಮರಳಿ ಕಟ್ಟುತ್ತೇನೆ ಎನ್ನಬೇಡಿ. ಫೈಲಿಗೆ ‘ಹೊಸದು ಫೈನಲ್ 2’ ಎಂದು ಹೆಸರಿಡದೆ ದಿನಾಂಕ, ಶ್ರುತಿ, ಬಿಪಿಎಂ, ಯಂತ್ರದ ಹೆಸರು ಬರೆಯಿರಿ. ನಾಬ್‌ಗಳ ಫೋಟೊ ಒಂದು ತೆಗೆದು ಅದರ ಪಕ್ಕದಲ್ಲೇ ಇಡಿ.