ಹಚ್ಚಿದರೆ ತಂಪು, ಬಿಟ್ಟರೆ ಉರಿ: ಮುಖಕ್ಕೆ ಅಂಟಿದ ಸ್ಟಿರಾಯ್ಡ್ ಕ್ರೀಮು

ಇಂದಿನ ಆರೋಗ್ಯ ಮಾಹಿತಿ ಮುಖದ ಚರ್ಮದ ಬಗ್ಗೆ. ಓದುವ ಮೊದಲು ಒಂದು ಕೆಲಸ ಮಾಡಿ. ದಿನಾ ಮುಖಕ್ಕೆ ಹಚ್ಚುವ ಕ್ರೀಮಿನ ಟ್ಯೂಬನ್ನು ತಂದು ಪಕ್ಕದಲ್ಲಿ ಇಟ್ಟುಕೊಳ್ಳಿ.

ಮುಖದ ಮೇಲೆ ಬಂಗು ಬಂತು ಅಂದುಕೊಳ್ಳಿ. ಆಂಧ್ರದಲ್ಲಿರುವ ನಮ್ಮವರು ಇದನ್ನೇ 'ಮಂಗು' ಎಂದು ಕೇಳಿರುತ್ತೀರಿ. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಾಗಲಿ, ದಾವಣಗೆರೆಯಲ್ಲಾಗಲಿ, ನಾವು ಮೊದಲು ಹೋಗುವುದು ಮೆಡಿಕಲ್ ಶಾಪಿಗೆ. ಪಕ್ಕದ ಮನೆಯವರು ಹೇಳಿದ ಟ್ಯೂಬು ತರುತ್ತೇವೆ. ವಾರದಲ್ಲೇ ಮುಖ ತಿಳಿಯಾಗುತ್ತದೆ, ಎಲ್ಲರೂ ಹೊಗಳುತ್ತಾರೆ. ಕೆಲವು ತಿಂಗಳು ಕಳೆದ ಮೇಲೆ ಬಿಸಿಲಿಗೆ ಹೋದರೆ ಉರಿ, ಒಲೆಯ ಮುಂದೆ ನಿಂತರೆ ಉರಿ. ಕ್ರೀಮು ಬಿಟ್ಟರೆ ಮುಖ ಕೆಂಪಾಗಿ ಊದುತ್ತದೆ. ಮತ್ತೆ ಹಚ್ಚಿದರೆ ತಣ್ಣಗಾಗುತ್ತದೆ. "ನನಗೆ ಈ ಕ್ರೀಮೇ ಸರಿ" ಎಂದು ಇನ್ನೊಂದು ಟ್ಯೂಬು ತರುತ್ತೇವೆ.

*ಇದು ಕ್ರೀಮಿನ ಗುಣ ಅಲ್ಲ, ಕ್ರೀಮೇ ತಂದ ಕಾಯಿಲೆ.*

*ಒಳಗೆ ಏನಾಗುತ್ತದೆ?*

ಸ್ಟಿರಾಯ್ಡ್ ಚರ್ಮದ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಉರಿಯೂತವನ್ನು ಅದುಮುತ್ತದೆ. ಹಾಗಾಗಿ ಮುಖ ಬೆಳ್ಳಗೆ, ನುಣುಪಾಗಿ ಕಾಣುತ್ತದೆ. ಆದರೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ನಿಲ್ಲಿಸಿದಾಗ, ಕುಗ್ಗಿದ್ದ ನಾಳಗಳೆಲ್ಲ ಒಮ್ಮೆಲೇ ಹಿಗ್ಗುತ್ತವೆ. ಉರಿ ಬರುವುದು ಅದಕ್ಕೇ.

ಕೈಗೆ ಹಚ್ಚುವುದೂ ಮುಖಕ್ಕೆ ಹಚ್ಚುವುದೂ ಒಂದೇ ಅಲ್ಲ. ಒಂದೇ ಸ್ಟಿರಾಯ್ಡನ್ನು ಮುಂಗೈಗಿಂತ ಹಣೆ ಸುಮಾರು 6 ಪಟ್ಟು, ದವಡೆಯ ಭಾಗ ಸುಮಾರು 13 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ ಎಂದು 1967ರಲ್ಲೇ ಅಳೆದು ನೋಡಿದ್ದಾರೆ.

*ಈ ಲಕ್ಷಣಗಳಿವೆಯೇ ನೋಡಿಕೊಳ್ಳಿ*

👉 ಬಿಸಿಲು, ಬಿಸಿ ತಾಗಿದರೆ ಉರಿ, ಕೆಂಪು
👉 ಕೆನ್ನೆಯಲ್ಲಿ ಎಳೆ ಎಳೆಯಾಗಿ ಕಾಣುವ ಕೆಂಪು ನರಗಳು
👉 ಇದ್ದಕ್ಕಿದ್ದಂತೆ ಮೊಡವೆಯಂಥ ಗುಳ್ಳೆಗಳು, ಬಾಯಿಯ ಸುತ್ತ ಗುಳ್ಳೆ
👉 ಮುಖದಲ್ಲಿ ಹೆಚ್ಚಾಗುವ ಕೂದಲು
👉 ಹಳೆಯ ಬಂಗು ಇನ್ನೂ ಗಾಢವಾಗುವುದು

*ಎಷ್ಟು ಜನರಿಗಿದೆ?*

ನಮ್ಮ ದೇಶದ 12 ಕೇಂದ್ರಗಳಲ್ಲಿ ಚರ್ಮರೋಗ ತಜ್ಞರು ಮುಖದ ತೊಂದರೆ ಇದ್ದ 2926 ಜನರನ್ನು ಪರೀಕ್ಷಿಸಿದರು. ಅವರಲ್ಲಿ 433 ಜನ ಮುಖಕ್ಕೆ ಸ್ಟಿರಾಯ್ಡ್ ಹಚ್ಚುತ್ತಿದ್ದರು. ಆ 433 ಜನರಲ್ಲಿ ಸುಮಾರು 59% ಮಂದಿಗೆ ಅದನ್ನು ಹೇಳಿಕೊಟ್ಟವರು ಡಾಕ್ಟರೇ ಅಲ್ಲ. 2011ರಲ್ಲಿ ಈ ಅಧ್ಯಯನ ಪ್ರಕಟವಾಯಿತು. 2018ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ 14 ಸ್ಟಿರಾಯ್ಡ್ ಕ್ರೀಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಕೇಳಿದರೆ ಸಿಗುತ್ತದೆ ಎಂಬುದು ನಮಗೆಲ್ಲ ಗೊತ್ತು.

*ಈಗ ಟ್ಯೂಬು ಓದಿ*

ಬೆಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲೂಸಿನೊಲೋನ್, ಡೆಕ್ಸಾಮೆಥಾಸೋನ್. ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಸ್ಟಿರಾಯ್ಡ್. ಬಂಗಿಗೆ ಕೊಡುವ ಮೂರು ಔಷಧ ಬೆರೆಸಿದ ಕ್ರೀಮಿನಲ್ಲೂ, ಹುಳುಕಡ್ಡಿಯ ಎಷ್ಟೋ ಕ್ರೀಮುಗಳಲ್ಲೂ ಇದು ಇರುತ್ತದೆ.

*ಚೀನೀ ಗಿಡಮೂಲಿಕೆ ಹಚ್ಚಬಹುದೇ?*

ಈ ಪ್ರಶ್ನೆಯನ್ನು ಈಗ ತುಂಬಾ ಜನ ಕೇಳುತ್ತಾರೆ. ಚೀನಾದಲ್ಲಿ ಈ ಉರಿಗೆ ಮೂಲಿಕೆಗಳ ಕಷಾಯ ಕುಡಿಸುತ್ತಾರೆ. ತಣ್ಣಗೆ ಆರಿಸಿದ ಕಷಾಯದಲ್ಲಿ ಬಟ್ಟೆ ಅದ್ದಿ ಮುಖದ ಮೇಲೂ ಇಡುತ್ತಾರೆ. ಅದರಲ್ಲಿ ಬಳಸುವ ಮೂಲಿಕೆಗಳಲ್ಲಿ ನಮ್ಮ ಅತಿಮಧುರದ ಜಾತಿಯೂ ಒಂದು. ಅನುಕೂಲವಾಯಿತು ಎನ್ನುವ ಅಧ್ಯಯನಗಳು ಅಲ್ಲಿ ಬಂದಿವೆ, ಆದರೆ ಹೆಚ್ಚಿನವು ಸಣ್ಣವು. ತಣ್ಣನೆಯ ಒದ್ದೆ ಬಟ್ಟೆಯ ತಂಪು ಬರೀ ನೀರಿನಿಂದಲೂ ಸಿಗುತ್ತದೆ ಎಂಬುದನ್ನು ಮರೆಯಬೇಡಿ. ಅತಿಮಧುರವನ್ನು ದಿನಾ ಹೆಚ್ಚು ಕುಡಿದರೆ ಬಿಪಿ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಬಿಪಿ ಮಾತ್ರೆ ನುಂಗುವವರು ಎಚ್ಚರ.

ದೊಡ್ಡ ಅಪಾಯ ಬೇರೆಯೇ ಇದೆ. 1999ರಲ್ಲಿ ಲಂಡನ್ನಿನ ವೈದ್ಯರು 11 ಚೀನೀ ಗಿಡಮೂಲಿಕೆ ಕ್ರೀಮುಗಳನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿದರು. *8ರಲ್ಲಿ ಡೆಕ್ಸಾಮೆಥಾಸೋನ್ ಸಿಕ್ಕಿತು.* 2003ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 24 'ಹರ್ಬಲ್' ಕ್ರೀಮುಗಳನ್ನು ನೋಡಿದಾಗ 20ರಲ್ಲಿ ಪ್ರಬಲ ಸ್ಟಿರಾಯ್ಡ್ ಇತ್ತು. ಅಂದರೆ ಸ್ಟಿರಾಯ್ಡ್ ಬಿಡಬೇಕೆಂದು ಹಚ್ಚಿದ ಕ್ರೀಮಿನಲ್ಲೂ ಸ್ಟಿರಾಯ್ಡೇ! ಹೆಸರು ಚೀನೀ ಇರಲಿ, ಆಯುರ್ವೇದ ಇರಲಿ, ಬ್ಯೂಟಿ ಪಾರ್ಲರಿನದೇ ಇರಲಿ, ಗುರುತು ಒಂದೇ. ಒಳಗೆ ಏನಿದೆ ಎಂದು ಬರೆದಿಲ್ಲ, ಎರಡೇ ದಿನದಲ್ಲಿ ಮುಖ ಬೆಳ್ಳಗಾಯಿತು ಎಂದರೆ ಸಂಶಯಪಡಿ.

*ಹಾಗಾದರೆ ಏನು ಮಾಡಬೇಕು?*

1. ಟ್ಯೂಬಿನ ಸಮೇತ ಚರ್ಮರೋಗ ತಜ್ಞರ ಹತ್ತಿರ ಹೋಗಿ. ಎಷ್ಟು ದಿನದಿಂದ ಹಚ್ಚುತ್ತಿದ್ದೀರಿ ಎಂದು ಮುಚ್ಚಿಡದೆ ಹೇಳಿ. ವಿಶಾಖಪಟ್ಟಣದ ಕಿಂಗ್ ಜಾರ್ಜ್ ಆಸ್ಪತ್ರೆ, ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಂಥ ಸರ್ಕಾರಿ ಆಸ್ಪತ್ರೆಗಳಲ್ಲೂ ಚರ್ಮರೋಗ ವಿಭಾಗ ಇದೆ.

2. ಒಮ್ಮೆಲೇ ನಿಲ್ಲಿಸಬೇಕೋ, ಸೌಮ್ಯ ಕ್ರೀಮಿಗೆ ಇಳಿಸಿ ನಿಧಾನವಾಗಿ ಬಿಡಬೇಕೋ ಎಂದು ಅವರು ನಿರ್ಧರಿಸುತ್ತಾರೆ. ಬೇಕಾದರೆ ಟ್ಯಾಕ್ರೋಲಿಮಸ್ ಮುಲಾಮು ಅಥವಾ ಮಾತ್ರೆ ಕೊಡುತ್ತಾರೆ.

3. ತಣ್ಣೀರಿನ ಬಟ್ಟೆ, ಸುವಾಸನೆ ಇಲ್ಲದ ಮಾಯಿಶ್ಚರೈಸರ್, ಬಿಸಿಲಿಗೆ ಸನ್‌ಸ್ಕ್ರೀನ್ ಮತ್ತು ಕೊಡೆ. ನಿಂಬೆರಸ, ಸ್ಕ್ರಬ್, ಬ್ಲೀಚ್, ಫೇಶಿಯಲ್ ಬೇಡವೇ ಬೇಡ.

4. ಬಿಟ್ಟ ಮೇಲೆ ಮೊದಲ ವಾರಗಳಲ್ಲಿ ಉರಿ ಹೆಚ್ಚಾಗಬಹುದು. ಪೂರ್ತಿ ಗುಣವಾಗಲು ತಿಂಗಳುಗಳು ಬೇಕಾಗಬಹುದು. ಹೆಚ್ಚಿನವರು ಸೋಲುವುದು ಇಲ್ಲೇ. ಉರಿ ತಡೆಯಲಾರದೆ ಹಳೆಯ ಟ್ಯೂಬು ಹುಡುಕುತ್ತಾರೆ. ಅದಕ್ಕೇ ಅದನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಮನೆಯವರು "ಕ್ರೀಮು ಬಿಟ್ಟು ಮುಖ ಕೆಡಿಸಿಕೊಂಡೆ" ಎಂದು ಆಡಿಕೊಳ್ಳುವ ಬದಲು ಧೈರ್ಯ ಹೇಳಿ.

ಸ್ಟಿರಾಯ್ಡ್ ವಿಷವಲ್ಲ. ಇಸುಬು, ಸೋರಿಯಾಸಿಸ್‌ನಂಥ ಕಾಯಿಲೆಗಳಿಗೆ ಡಾಕ್ಟರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚಿದರೆ ಅದು ಒಳ್ಳೆಯ ಔಷಧ. ಬೇರೆ ಕಾಯಿಲೆಗೆ ಸ್ಟಿರಾಯ್ಡ್ *ಮಾತ್ರೆ* ನುಂಗುತ್ತಿರುವವರು ಈ ಲೇಖನ ಓದಿ ತಾವಾಗಿ ನಿಲ್ಲಿಸಬಾರದು. ಅದು ಪ್ರಾಣಕ್ಕೆ ಅಪಾಯ.

ನಿಮ್ಮ ಮನೆಯಲ್ಲಿ ಮದುವೆಗೆ ಸಿದ್ಧವಾಗುತ್ತಿರುವ ಹೆಣ್ಣುಮಕ್ಕಳು, ಮೊಡವೆಯ ಚಿಂತೆಯಲ್ಲಿರುವ ಹುಡುಗರು ಇದ್ದರೆ ಅವರಿಗೆ ಇದನ್ನು ಮೊದಲು ಕಳಿಸಿ. ಚರ್ಮದ ಬಣ್ಣ ಹುಟ್ಟಿನಿಂದ ಬಂದದ್ದು, ಅದಕ್ಕೆ ಔಷಧ ಬೇಕಿಲ್ಲ. ಬೇಕಾದದ್ದು ಆರೋಗ್ಯವಾದ ಚರ್ಮ.